ನ್ಯೂಯಾರ್ಕಿನ ಕ್ರಾಫ್ಟ್ ಕಾಕ್‌ಟೇಲ್ ಬಾರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವನು, ಈಗ ಇರುವುದು ಜೆರ್ಸಿ ಸಿಟಿಯಲ್ಲಿ. ಹಡ್ಸನ್ ನದಿ ದಾಟಿದರೆ ಮ್ಯಾನ್‌ಹ್ಯಾಟನ್. ಊರಿಂದ ಬರುವ ನೆಂಟರು, ಆಫೀಸಿನ ಗೆಳೆಯರು, ಕನ್ನಡ ಕೂಟದಲ್ಲಿ ಸಿಗುವವರು ಈ ಬಾರ್‌ಗಳ ಬಗ್ಗೆ ಕೇಳುತ್ತಲೇ ಇರುತ್ತಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲು ಸುಲಭದವು, ಆಮೇಲೆ ಆಳದವು.

## ಗೊತ್ತೇ ಇಲ್ಲದವರಿಗೆ

ಕ್ರಾಫ್ಟ್ ಕಾಕ್‌ಟೇಲ್ ಬಾರ್ ಅಂದ್ರೆ ಏನು? ಮಾಮೂಲಿ ಬಾರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಬಾರ್‌ಟೆಂಡರ್ ಕೈ ನೋಡಿ, ಗೊತ್ತಾಗುತ್ತದೆ. ನಿಂಬೆರಸ ಅವತ್ತೇ ಹಿಂಡಿದ್ದು. ಸಕ್ಕರೆ ಪಾಕ, ಶುಂಠಿ ಪಾಕ, ಜೇನಿನ ಪಾಕ ಅಲ್ಲೇ ಕಾಯಿಸಿದ್ದು. ಪ್ರತಿಯೊಂದನ್ನೂ ಜಿಗರ್ ಅನ್ನುವ ಪುಟ್ಟ ಅಳತೆ ಲೋಟದಲ್ಲಿ ಅಳೆದೇ ಹಾಕುತ್ತಾರೆ, ಕಣ್ಣಂದಾಜಿಗೆ ಸುರಿಯುವುದಿಲ್ಲ. ಯಾವ ಡ್ರಿಂಕ್‌ಗೆ ಯಾವ ಐಸ್ ಅಂತಲೂ ಲೆಕ್ಕ ಇರುತ್ತದೆ.

ಇನ್‌ಸ್ಟಂಟ್ ಕಾಫಿಗೂ ಮನೆಯ ಫಿಲ್ಟರ್ ಕಾಫಿಗೂ ಇರುವ ವ್ಯತ್ಯಾಸ ನಮಗೆ ಯಾರೂ ವಿವರಿಸಬೇಕಿಲ್ಲ. ಬೀಜ ಯಾವುದು, ಚಿಕೋರಿ ಎಷ್ಟು, ಡಿಕಾಕ್ಷನ್ ಎಷ್ಟು ಹೊತ್ತು ಇಳಿಯಿತು ಅಂತ ನೋಡುವವರಿಗೆ ಈ ಬಾರ್‌ಗಳು ಬೇಗ ಇಷ್ಟವಾಗುತ್ತವೆ.

ಕಾಕ್‌ಟೇಲ್ ಅಂದ್ರೆ ಜ್ಯೂಸ್‌ಗೆ ಎಣ್ಣೆ ಬೆರೆಸೋದು ತಾನೇ?

ಹಳೆಯ ಅರ್ಥದಲ್ಲಿ ಜ್ಯೂಸೇ ಇರಲಿಲ್ಲ. 1806ರ ಮೇ 13ರಂದು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಓದುಗರೊಬ್ಬರಿಗೆ ಉತ್ತರ ಕೊಡುತ್ತಾ ಈ ಪದಕ್ಕೆ ಅರ್ಥ ಬರೆಯಿತು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ಬಿಟರ್ಸ್ ಅಂದರೆ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಹಿ ಸಾರ. ಒಂದೆರಡು ಹನಿ ಸಾಕು. ಆ ನಾಲ್ಕನ್ನು ಇವತ್ತು ಒಂದೇ ಗ್ಲಾಸಲ್ಲಿ ನೋಡಬೇಕಾದರೆ ಓಲ್ಡ್ ಫ್ಯಾಶನ್ಡ್ ಕೇಳಿ. ಇನ್ನೂರು ವರ್ಷದ ಮೇಲೂ ಆ ಲೆಕ್ಕ ಬದಲಾಗಿಲ್ಲ.

ಒಂದು ಗ್ಲಾಸಿಗೆ 20 ಡಾಲರ್ ಅಂತೆ! ಕೊನೆಗೆ ಬಿಲ್ ಎಷ್ಟಾಗುತ್ತೆ?

ಮೆನುವಿನಲ್ಲಿ 20 ಅಂತ ಇದ್ದರೆ ಜೇಬಿನಿಂದ ಹೋಗುವುದು ಸುಮಾರು 26. ನಗರದ ಮಾರಾಟ ತೆರಿಗೆ ಶೇ 8.875, ಅಂದರೆ 1.78 ಡಾಲರ್. ಟಿಪ್ಸ್ ಶೇ 20, ಅಂದರೆ 4 ಡಾಲರ್. ಇಲ್ಲಿ ಟಿಪ್ಸ್ ಸಂಬಳದ ಭಾಗವೇ, ಅದನ್ನು ಬಿಡುವ ಹಾಗಿಲ್ಲ.

ಬಿಲ್ ಮಾತ್ರ ಪೂರ್ತಿ ಓದಿ. ಮಿಡ್‌ಟೌನಿನ ಒಂದು ಬಾರಿನಲ್ಲಿ ಆರು ಜನ ಕೂತಿದ್ದೆವು. ಶೇ 20 ಟಿಪ್ಸ್ ಅವರೇ ಸೇರಿಸಿದ್ದರು, ಸಣ್ಣ ಅಕ್ಷರದಲ್ಲಿ. ನಾನು ಗಮನಿಸದೆ ಮತ್ತೆ ಶೇ 20 ಬರೆದೆ. ಕಾರ್ಡ್ ತೆಗೆದುಕೊಂಡವರೂ ಹೇಳಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ. ಗುಂಪಾಗಿ ಹೋದಾಗ ‘ಗ್ರಾಚುಯಿಟಿ’ ಅಂತ ಸಾಲೊಂದು ಇದೆಯಾ ಅಂತ ಮೊದಲು ನೋಡಿ.

ನಾನು ಕುಡಿಯೋದಿಲ್ಲ. ಸುಮ್ನೆ ಜೊತೆಗೆ ಬಂದು ಕೂತ್ಕೋಬಹುದಾ?

ಧಾರಾಳವಾಗಿ ಬನ್ನಿ. ಈ ಬಾರ್‌ಗಳಲ್ಲಿ ಹೆಚ್ಚಿನವು ಮದ್ಯ ಇಲ್ಲದ ಡ್ರಿಂಕ್‌ಗಳನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತವೆ. ಶುಂಠಿ ಪಾಕ, ತಾಜಾ ರಸ, ಟೀ ಡಿಕಾಕ್ಷನ್, ಸೋಡಾ ಎಲ್ಲ ಅಲ್ಲೇ ಇರುತ್ತವಲ್ಲ. “ಆಲ್ಕೋಹಾಲ್ ಬೇಡ, ಹುಳಿ ಇರಲಿ, ಖಾರ ಇರಲಿ” ಅಂತ ಹೇಳಿದರೆ ಸಾಕು. ನನ್ನ ಹೆಂಡತಿ ಕುಡಿಯುವುದಿಲ್ಲ. ಬಾರ್ ಕೌಂಟರಿನ ಮುಂದೆ ಕೂತು ಅವರ ಕೆಲಸ ನೋಡುವುದು ಅವಳಿಗೆ ನನಗಿಂತ ಇಷ್ಟ.

## ಹೊರಡುವ ಮುಂಚೆ

ಮಗನಿಗೆ 20 ತುಂಬಿದೆ, ನಮ್ಮ ಜೊತೆ ಇದ್ದಾನಲ್ಲ, ಒಳಗೆ ಬಿಡ್ತಾರಾ?

21 ಆಗದವರಿಗೆ ಮದ್ಯ ಕೊಡುವ ಹಾಗಿಲ್ಲ. ಇಂಥ ಬಾರ್‌ಗಳು ಸಾಮಾನ್ಯವಾಗಿ ಒಳಗೇ ಬಿಡುವುದಿಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೇ. ದೊಡ್ಡವರಿಗೂ ಬಾಗಿಲಲ್ಲಿ ಐಡಿ ಕೇಳುತ್ತಾರೆ. ತಲೆ ನರೆತ ನನ್ನ ಮಾವನನ್ನೂ ಕೇಳಿದ್ದಾರೆ. ಊರಿಂದ ಬಂದವರು ಪಾಸ್‌ಪೋರ್ಟ್ ತರಬೇಕು. ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ.

ನನಗೆ ಒಂದೇ ಸಂಜೆ ಇರೋದು. ಎಲ್ಲಿಗೆ ಹೋಗ್ಲಿ?

ಎರಡು ಜಾಗ ಹೇಳುತ್ತೇನೆ. ಮೂರನೆಯದಕ್ಕೆ ಆಸೆಪಡಬೇಡಿ.

ಇನ್ನೂ ಬೆಳಕಿರುವಾಗಲೇ ಗ್ರೀನಿಚ್ ವಿಲೇಜಿನ ಮ್ಯಾಕ್‌ಡೂಗಲ್ ಬೀದಿಯ ಡಾಂಟೆಗೆ ಹೋಗಿ. 1915ರಿಂದ ಅಲ್ಲಿ ಇಟಾಲಿಯನ್ ಕೆಫೆ ಇತ್ತು. 2015ರಲ್ಲಿ ಆಸ್ಟ್ರೇಲಿಯಾದ ದಂಪತಿ ತೆಗೆದುಕೊಂಡು ಬಾರ್ ಮಾಡಿದರು, ಹಳೆಯ ಕೆಫೆಯ ಕಳೆ ಕೆಡಿಸಲಿಲ್ಲ. ಅಲ್ಲಿ ಗ್ಯಾರಿಬಾಲ್ಡಿ ಕುಡಿಯಿರಿ. ಕಂಪಾರಿ ಅನ್ನುವ ಇಟಲಿಯ ಕಹಿ ಮದ್ಯ ಮತ್ತು ಕಿತ್ತಳೆ ರಸ, ಎರಡೇ ಸಾಮಾನು. ಆದರೆ ರಸವನ್ನು ಆರ್ಡರ್ ಬಂದ ಮೇಲೆ ಜೋರಾಗಿ ತಿರುಗುವ ಜ್ಯೂಸರಿನಲ್ಲಿ ತೆಗೆಯುತ್ತಾರೆ. ಗಾಳಿ ಸೇರಿ ರಸ ನೊರೆನೊರೆಯಾಗಿ, ಹತ್ತಿಯ ಹಾಗೆ ಹಗುರ ಆಗುತ್ತದೆ. ಕಂಪಾರಿಯ ಕಹಿ ಅದರೊಳಗೆ ಮೆತ್ತಗೆ ಕೂರುತ್ತದೆ. ಮದ್ಯವೂ ಕಮ್ಮಿ.

ಅಲ್ಲಿಂದ ಸೋಹೋ ದಾಟಿ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಎಲ್ಡ್ರಿಜ್ ಬೀದಿ, ಅಲ್ಲಿ ಅಟ್ಟಾಬಾಯ್ ಅನ್ನುವ ಬಾರ್. ಅದರ ಕಥೆ ಕೆಳಗೆ ಬರುತ್ತದೆ.

ಲಿಬರ್ಟಿ ಪ್ರತಿಮೆ ನೋಡಿ ದೋಣಿಯಿಂದ ಇಳಿದು ಸುಸ್ತಾಗಿದ್ದರೆ ಮಾತ್ರ ಬೇರೆ ದಾರಿ. ದಡದಿಂದ ಸ್ವಲ್ಪವೇ ದೂರದಲ್ಲಿ, ವಾಟರ್ ಬೀದಿಯ 30ನೇ ನಂಬರಿನಲ್ಲಿ ಡೆಡ್ ರ್‍ಯಾಬಿಟ್ ಇದೆ. ಬೆಲ್‌ಫಾಸ್ಟಿನಿಂದ ಬಂದ ಇಬ್ಬರು 2013ರಲ್ಲಿ ಶುರು ಮಾಡಿದ್ದು. ಚಳಿಗಾಲದಲ್ಲಿ ಅಲ್ಲಿಯ ಐರಿಶ್ ಕಾಫಿ ಕುಡಿದವರು ಬೇರೆ ಕಡೆಯದ್ದು ಕೇಳುವುದಿಲ್ಲ. ಸಣ್ಣ ಗ್ಲಾಸು, ಕೆಳಗೆ ಬಿಸಿ ಕಾಫಿ ಮತ್ತು ವಿಸ್ಕಿ, ಮೇಲೆ ತಣ್ಣನೆಯ ಕೆನೆ. ಕಲಕದೆ, ಕೆನೆಯ ಮೂಲಕವೇ ಕುಡಿಯಬೇಕು.

ಮೊದಲೇ ಬುಕ್ ಮಾಡಬೇಕಾ?

ಬಾರಿನಿಂದ ಬಾರಿಗೆ ಬೇರೆ. ಅಟ್ಟಾಬಾಯ್‌ಗೆ ಬುಕಿಂಗ್ ಇಲ್ಲ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲಬೇಕು. ಡಬಲ್ ಚಿಕನ್ ಪ್ಲೀಸ್, ಓವರ್‌ಸ್ಟೋರಿ ತರದ ಬಾರ್‌ಗಳಿಗೆ ಆನ್‌ಲೈನಿನಲ್ಲಿ ದಿನಗಳ ಮುಂಚೆ ಹಿಡಿಯಬೇಕು. ಯಾವುದಕ್ಕೂ ಸಿಗದಿದ್ದರೆ ಸೋಮವಾರ ಅಥವಾ ಮಂಗಳವಾರ, ಇಬ್ಬರೇ, ಸಂಜೆ ಆರರೊಳಗೆ ಹೋಗಿ. ನಾನು ಈ ಲೆಕ್ಕದಲ್ಲಿ ಹೋಗಿ ವಾಪಸ್ ಬಂದದ್ದು ಬಹಳ ಕಮ್ಮಿ. ನಾಲ್ಕಕ್ಕಿಂತ ಜಾಸ್ತಿ ಜನ ಇದ್ದರೆ ಸಣ್ಣ ಬಾರ್‌ಗಳ ಆಸೆ ಬಿಡಿ.

ನಾವಿಬ್ಬರು ಹೆಂಗಸರು, ನಾವೇ ಹೋದ್ರೆ ಏನೂ ತೊಂದರೆ ಇಲ್ವಾ?

ಈ ಪ್ರಶ್ನೆ ಅಕ್ಕ ಕೇಳಿದ್ದು, ನನಗೆ ಬಹಳ ಮುಖ್ಯವಾದ ಪ್ರಶ್ನೆ. ಈ ಬಗೆಯ ಬಾರ್‌ಗಳಿಗೆಲ್ಲ ದಾರಿ ಹಾಕಿಕೊಟ್ಟ ಮಿಲ್ಕ್ ಆಂಡ್ ಹನಿಯಲ್ಲಿ ನಿಯಮಗಳ ಪಟ್ಟಿ ಇತ್ತು. ಕೂಗಾಡಬಾರದು, ದೊಡ್ಡವರ ಹೆಸರು ಹೇಳಿಕೊಂಡು ಮೆರೆಯಬಾರದು, ಗಂಡಸರು ಟೋಪಿ ತೆಗೆಯಬೇಕು. ಗಂಡಸರು ಪರಿಚಯವಿಲ್ಲದ ಹೆಂಗಸರನ್ನು ತಾವಾಗಿ ಮಾತಾಡಿಸಬಾರದು. ಮಾತಾಡಿಸಿದರೆ ಹೆಂಗಸರು ಗಲ್ಲ ಸ್ವಲ್ಪ ಎತ್ತಿ ಸುಮ್ಮನಿದ್ದುಬಿಡಬೇಕು. ಹೆಣ್ಣುಮಕ್ಕಳು ನೆಮ್ಮದಿಯಿಂದ ಕೂರುವ ಬಾರ್ ಬೇಕು ಅನ್ನುವುದು ಆ ಪಟ್ಟಿಯ ಆಸೆ. ಆ ವಾತಾವರಣ ಮುಂದಿನ ಬಾರ್‌ಗಳಿಗೂ ಬಂತು.

ಇನ್ನೊಂದು ಮಾತು. ಈ ನಗರದ ಕಾಕ್‌ಟೇಲ್ ಕಟ್ಟಿದವರಲ್ಲಿ ಹೆಂಗಸರ ಪಾಲು ದೊಡ್ಡದು. ಜೂಲಿ ರೈನರ್ 2003ರಲ್ಲಿ ಫ್ಲಾಟೈರನ್ ಲೌಂಜ್, 2008ರಲ್ಲಿ ಬ್ರೂಕ್ಲಿನ್ನಿನ ಕ್ಲೋವರ್ ಕ್ಲಬ್ ಶುರು ಮಾಡುವುದರಲ್ಲಿ ಮುಂದಿದ್ದರು. ಆಡ್ರಿ ಸಾಂಡರ್ಸ್ 2005ರಲ್ಲಿ ಪೆಗು ಕ್ಲಬ್ ತೆರೆದರು. ಅಕ್ಕನನ್ನು ನಾನು ಕಳಿಸಿದ್ದು ಸ್ಮಿತ್ ಬೀದಿಯ ಕ್ಲೋವರ್ ಕ್ಲಬ್ಬಿಗೆ. ಎರಡು ಗಂಟೆ ಹರಟೆ ಹೊಡೆದು ಬಂದರು.

## ಒಳಗೆ ಕೂತ ಮೇಲೆ

ಅಟ್ಟಾಬಾಯ್‌ನಲ್ಲಿ ಮೆನುನೇ ಇಲ್ವಂತೆ. ಏನಂತ ಕೇಳೋದು?

ಹೆಸರು ಗೊತ್ತಿರಬೇಕಿಲ್ಲ, ನಾಲಿಗೆಗೆ ಏನು ಬೇಕು ಅಂತ ಗೊತ್ತಿದ್ದರೆ ಸಾಕು. ಅವರು ಕೇಳುವುದು ಮೂರ್ನಾಲ್ಕು ಮಾತು. ಜಿನ್ ಬೇಕಾ, ರಮ್ಮಾ, ವಿಸ್ಕಿಯಾ? ಗಟ್ಟಿ ಇರಲಾ, ಹಗುರ ಇರಲಾ? ಹುಳಿಯಾ, ಕಹಿಯಾ? ಯಾವುದು ಆಗಲ್ಲ?

ಭಾವ ಬಂದಾಗ ಕರೆದುಕೊಂಡು ಹೋಗಿದ್ದೆ. ಉದ್ದಕ್ಕೆ, ಇಕ್ಕಟ್ಟಾದ ಕೋಣೆ, ಮಂದ ಬೆಳಕು. ಬಾರ್‌ಟೆಂಡರ್ ಬಗ್ಗಿ ಕೇಳಿದಾಗ ಭಾವ ನನ್ನ ಕಡೆ ತಿರುಗಿ, “ಸಿಹಿ ಕಮ್ಮಿ ಇರ್ಲಿ, ಶುಂಠಿ ಇದ್ರೆ ಹಾಕ್ಲಿ, ನೆಗಡಿ ಆಗಿದೆ ಅಂತ ಹೇಳೋ” ಅಂದರು. ನಾನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗಿ ನಕ್ಕು, ತಲೆಯಾಡಿಸಿ ಹೋದಳು. ಬಂದದ್ದು ಪೆನಿಸಿಲಿನ್ ಅನ್ನುವ ಡ್ರಿಂಕ್. ದಪ್ಪ ಐಸಿನ ಕಲ್ಲು, ಮೇಲೆ ಚುಚ್ಚಿದ ಸಕ್ಕರೆ ಶುಂಠಿ. ಭಾವ ಮೊದಲು ಮೂಸಿ ನೋಡಿದರು. “ಸೌದೆ ಒಲೆ ಹೊಗೆ ಕಣೋ” ಅಂದರು. ಆಮೇಲೆ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಆ ಡ್ರಿಂಕ್ ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಅಲ್ಲಿ ಮೊದಲು ಮಿಲ್ಕ್ ಆಂಡ್ ಹನಿ ಇತ್ತು. ಮೆಲ್ಬರ್ನಿನಿಂದ ಬಂದ ಸ್ಯಾಮ್ ರಾಸ್ ಅಲ್ಲಿ ಕೆಲಸ ಮಾಡುವಾಗ ಅದನ್ನು ಕಟ್ಟಿದರು. ಮುಂದೆ ಮೈಕೆಲ್ ಮ್ಯಾಕಿಲ್‌ರಾಯ್ ಜೊತೆ ಸೇರಿ ಅದೇ ಜಾಗದಲ್ಲಿ ಅಟ್ಟಾಬಾಯ್ ಮಾಡಿದರು.

ನಾವು ಸಸ್ಯಾಹಾರಿಗಳು. ಗ್ಲಾಸಲ್ಲಿ ಏನಾದ್ರೂ ಸೇರಿರುತ್ತಾ?

ಸೇರಿರಬಹುದು, ಕೇಳಿಯೇ ಕುಡಿಯಿರಿ. ಮೊದಲನೆಯದು ಮೊಟ್ಟೆಯ ಬಿಳಿ. ವಿಸ್ಕಿ ಸೌರ್, ಪಿಸ್ಕೊ ಸೌರ್, ಕ್ಲೋವರ್ ಕ್ಲಬ್ (ಆ ಬಾರಿನ ಹೆಸರಿನದ್ದೇ ಡ್ರಿಂಕ್) ಇವುಗಳ ಮೇಲಿನ ಬಿಳಿ ನೊರೆ ಸಾಮಾನ್ಯವಾಗಿ ಅದರದ್ದೇ. ಬೇಡ ಅಂದರೆ ಬಿಟ್ಟು ಮಾಡಿಕೊಡುತ್ತಾರೆ.

ಎರಡನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಪಿಡಿಟಿ (ಪ್ಲೀಸ್ ಡೋಂಟ್ ಟೆಲ್) ಅನ್ನುವ ಬಾರಿನ ಹೆಸರುವಾಸಿ ಬೆಂಟನ್ಸ್ ಓಲ್ಡ್ ಫ್ಯಾಶನ್ಡ್‌ನಲ್ಲಿ ಬೂರ್ಬನ್ ವಿಸ್ಕಿಗೆ ಕರಗಿಸಿದ ಹಂದಿಯ ಕೊಬ್ಬು ಬೆರೆಸಿ, ತಣ್ಣಗೆ ಮಾಡಿ, ಗಟ್ಟಿಯಾದ ಕೊಬ್ಬನ್ನು ತೆಗೆದು ಸೋಸುತ್ತಾರೆ. ಕೊಬ್ಬು ಹೋಗುತ್ತದೆ, ವಾಸನೆ ಉಳಿಯುತ್ತದೆ. ನೋಡಲು ಸಾದಾ ವಿಸ್ಕಿ. ಇದಕ್ಕೆ ಫ್ಯಾಟ್ ವಾಷಿಂಗ್ ಅನ್ನುತ್ತಾರೆ. ಮೆನುವಿನಲ್ಲಿ ಆ ಪದ ಕಂಡರೆ ಯಾವ ಕೊಬ್ಬು ಅಂತ ಕೇಳಿ. ಬೆಣ್ಣೆ, ಕೊಬ್ಬರಿ ಎಣ್ಣೆಯಲ್ಲೂ ಮಾಡುತ್ತಾರೆ, ಅದು ನಮಗೆ ಸರಿ.

ಬ್ಲಡಿ ಮೇರಿಗೆ ಹಾಕುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ವೆಸ್ಟ್ ವಿಲೇಜಿನ ಎಂಪ್ಲಾಯೀಸ್ ಓನ್ಲಿ ಅನ್ನುವ ಬಾರಿನಲ್ಲಿ ರಾತ್ರಿ ಕೊನೆಗೆ ಉಳಿದವರಿಗೆ ಪ್ರೀತಿಯಿಂದ ಒಂದು ಲೋಟ ಸೂಪ್ ಕೊಡುವ ಪದ್ಧತಿ ಇದೆ. ಅದು ಕೋಳಿ ಸೂಪ್.

ಪೆಗ್ ಲೆಕ್ಕದಲ್ಲಿ ಹೇಳಿ, ಎಷ್ಟಕ್ಕೆ ನಿಲ್ಲಿಸಬೇಕು?

ಎರಡಕ್ಕೆ. ಒಂದು ಓಲ್ಡ್ ಫ್ಯಾಶನ್ಡ್‌ನಲ್ಲಿ ಸುಮಾರು 60 ಮಿಲಿ ವಿಸ್ಕಿ, ಅಂದರೆ ನಮ್ಮ ಲಾರ್ಜ್ ಪೆಗ್. ಅದು ಶೇ 45ರದ್ದಾದರೆ ಅದರಲ್ಲಿ 21 ಗ್ರಾಂ ಆಲ್ಕೋಹಾಲ್. ಅಮೆರಿಕದ ಲೆಕ್ಕದಲ್ಲಿ 14 ಗ್ರಾಂ ಅಂದರೆ ‘ಒಂದು ಡ್ರಿಂಕ್’. ಹಾಗಾಗಿ ಒಂದು ಗ್ಲಾಸ್ ಮುಗಿದಾಗ ಒಂದೂವರೆ ಕುಡಿದ ಹಾಗೆ. ಮಾರ್ಟಿನಿ, ಮ್ಯಾನ್‌ಹ್ಯಾಟನ್ ಅನ್ನುವ ಡ್ರಿಂಕ್‌ಗಳಲ್ಲಿ ಇನ್ನೂ ಜಾಸ್ತಿ. ಸಿಹಿ ಹುಳಿ ಸಮ ಇರುವ ಡ್ರಿಂಕ್‌ನಲ್ಲಿ ಘಾಟು ಗೊತ್ತೇ ಆಗುವುದಿಲ್ಲ, ಅದಕ್ಕೇ ಎಚ್ಚರ ಬೇಕು. ಊಟ ಮಾಡಿ ಹೋಗಿ. ಪ್ರತಿ ಗ್ಲಾಸಿನ ಜೊತೆ ನೀರು ಕೇಳಿ, ಕಾಸಿಲ್ಲದೆ ಕೊಡುತ್ತಾರೆ.

ಕಾರಲ್ಲಿ ಬಂದಿದೀನಿ. ಒಂದೇ ಗ್ಲಾಸ್ ತಾನೇ, ಏನಾಗುತ್ತೆ?

ಕಾರು ತರಲೇಬೇಡಿ. ನ್ಯೂಯಾರ್ಕಿನಲ್ಲಿ ರಕ್ತದ ಮಿತಿ ಶೇ 0.08 ಅಂತ ಎಲ್ಲರಿಗೂ ಗೊತ್ತು. ಆದರೆ 0.05 ದಾಟಿದರೂ ಕೇಸು ಆಗುತ್ತದೆ, ಅದು ಬೇರೆ ಕಲಮು. ಎಚ್1ಬಿ ಅಥವಾ ಬೇರೆ ವೀಸಾದಲ್ಲಿ ಇರುವವರಿಗೆ ಇದು ಇನ್ನೂ ದೊಡ್ಡ ಅಪಾಯ. ಕುಡಿದು ಓಡಿಸಿದ್ದಕ್ಕೆ ಅರೆಸ್ಟ್ ಆದರೆ ಸಾಕು, ಶಿಕ್ಷೆ ಆಗುವ ಮುಂಚೆಯೇ ವೀಸಾ ರದ್ದು ಮಾಡುವ ಅಧಿಕಾರ ಅಮೆರಿಕ ಸರ್ಕಾರಕ್ಕಿದೆ. ಸಬ್‌ವೇ ರಾತ್ರಿಯೆಲ್ಲ ಓಡುತ್ತದೆ. ಜೆರ್ಸಿ ಕಡೆಯ ಪಾತ್ ರೈಲೂ ಓಡುತ್ತದೆ.

## ಆಳಕ್ಕೆ ಇಳಿಯುವವರಿಗೆ

ಇದೆಲ್ಲ ಶುರುವಾಗಿದ್ದು ಹೇಗೆ? ಯಾರು ಮಾಡಿದ್ದು?

ನನಗೆ ಅತಿ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

19ನೇ ಶತಮಾನದಲ್ಲಿ ಈ ನಗರದಲ್ಲಿ ಬಾರ್‌ಟೆಂಡರ್ ಅಂದರೆ ಗೌರವದ ಕಸುಬುದಾರ. ಜೆರ್ರಿ ಥಾಮಸ್ 1862ರಲ್ಲಿ ಡ್ರಿಂಕ್ ಮಾಡುವ ವಿಧಾನಗಳನ್ನೆಲ್ಲ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಆಮೇಲೆ 1920ರಲ್ಲಿ ಪಾನನಿಷೇಧ ಬಂತು. ಅದು ಹೋಗಿದ್ದು 1933ರ ಡಿಸೆಂಬರ್ 5ಕ್ಕೆ. ಹದಿಮೂರು ಹದಿನಾಲ್ಕು ವರ್ಷ ಕಸುಬು ನಿಂತರೆ ಕೈ ಕಲಿಸುವವರು ಎಲ್ಲಿಂದ ಬರಬೇಕು? ಗೊತ್ತಿದ್ದವರು ಬೇರೆ ದೇಶಕ್ಕೆ ಹೋದರು, ಬೇರೆ ಕೆಲಸ ಹಿಡಿದರು. ಮುಂದೆ ಬಾಟಲಿಯ ಹುಳಿ ಮಿಕ್ಸು, ಪುಡಿ, ಸೋಡಾ ಗನ್ನು ಬಂದವು. ನಿಂಬೆ ಹಿಂಡುವುದೇ ಮರೆತುಹೋಯಿತು.

1987ರಲ್ಲಿ ರಾಕ್‌ಫೆಲರ್ ಸೆಂಟರಿನ 65ನೇ ಮಹಡಿಯ ರೇನ್‌ಬೋ ರೂಮ್ ಮತ್ತೆ ತೆರೆದಾಗ ಡೇಲ್ ಡಿಗ್ರಾಫ್ ಹಳೆಯ ಪುಸ್ತಕ ಹಿಡಿದು ಕೂತರು. ಮಿಕ್ಸು ಬೇಡ, ತಾಜಾ ರಸವೇ ಬೇಕು ಅಂದರು. ಅಷ್ಟು ದೊಡ್ಡ ಜಾಗದಲ್ಲಿ ಅದನ್ನು ಮಾಡಿ ತೋರಿಸಿದರು. 90ರ ದಶಕದಲ್ಲಿ ಈಸ್ಟ್ ವಿಲೇಜಿನಲ್ಲಿ, ಜಪಾನಿ ಹೋಟೆಲೊಂದರ ಒಳಬಾಗಿಲ ಹಿಂದೆ ಏಂಜಲ್ಸ್ ಶೇರ್ ಅನ್ನುವ ಬಾರ್ ಶುರುವಾಯಿತು. ನಿಂತು ಕುಡಿಯುವ ಹಾಗಿಲ್ಲ, ನಾಲ್ಕಕ್ಕಿಂತ ಜಾಸ್ತಿ ಜನರ ಗುಂಪು ಬರುವ ಹಾಗಿಲ್ಲ. ಜಪಾನಿ ಬಾರ್‌ಟೆಂಡರ್‌ಗಳ ಶಿಸ್ತನ್ನು ಅಲ್ಲಿ ನೋಡಿದವರಲ್ಲಿ ಸಾಶಾ ಪೆಟ್ರಾಸ್ಕಿ ಅನ್ನುವ ಯುವಕನೂ ಒಬ್ಬ.

1999ರ ಕೊನೆಯ ರಾತ್ರಿ ಆತ ಎಲ್ಡ್ರಿಜ್ ಬೀದಿಯಲ್ಲಿ ಮಿಲ್ಕ್ ಆಂಡ್ ಹನಿ ತೆರೆದರು. ಹೊರಗೆ ಬಾರಿನ ಬೋರ್ಡೇ ಇಲ್ಲ. ಫೋನ್ ನಂಬರ್ ಗೊತ್ತಿದ್ದವರಿಗೆ ಮಾತ್ರ. ಅಳತೆ ಕರಾರುವಾಕ್ಕು, ಐಸು ದೊಡ್ಡದು, ಮಾತು ಮೆಲ್ಲಗೆ. ಪೆಟ್ರಾಸ್ಕಿ 2015ರಲ್ಲಿ, ಬರೀ 42ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಅವರ ಕೈಕೆಳಗೆ ಕಲಿತವರು ಊರೆಲ್ಲ ಹರಡಿದ್ದರು. ಸಂಗೀತದವರು ಯಾರ ಶಿಷ್ಯರು ಅಂತ ಕೇಳುತ್ತೇವಲ್ಲ, ಇಲ್ಲೂ ಹಾಗೆ ಕೇಳಬೇಕು. ಅಟ್ಟಾಬಾಯ್, ವೆಸ್ಟ್ ವಿಲೇಜಿನ ಲಿಟಲ್ ಬ್ರಾಂಚ್, ಕ್ವೀನ್ಸಿನ ಡಚ್ ಕಿಲ್ಸ್ ಈ ಮೂರೂ ಪೆಟ್ರಾಸ್ಕಿ ಮನೆತನ.

ಇನ್ನೊಂದು ಕವಲು ಡಿಗ್ರಾಫ್ ಕಡೆಯಿಂದ. ಅವರ ಬಳಿ ಕಲಿತ ಆಡ್ರಿ ಸಾಂಡರ್ಸ್ ಪೆಗು ಕ್ಲಬ್ ತೆರೆದರು. ಅಲ್ಲಿ ಕೆಲಸ ಮಾಡಿದ ಜಿಮ್ ಮೀಹನ್ 2007ರಲ್ಲಿ ಪಿಡಿಟಿ ಶುರು ಮಾಡಿದರು. ಪೆಗು ಕ್ಲಬ್ಬಿನಿಂದಲೇ ಬಂದ ಫಿಲ್ ವಾರ್ಡ್ ಈಸ್ಟ್ ವಿಲೇಜಿನ ಡೆತ್ ಆಂಡ್ ಕೋ ಬಾರಿನಲ್ಲಿ ಮೆಕ್ಸಿಕೋದ ಮದ್ಯಗಳಾದ ಟಕಿಲಾ ಮತ್ತು ಮೆಸ್ಕಾಲ್ ಹಾಕಿ ಓಹಾಕಾ ಓಲ್ಡ್ ಫ್ಯಾಶನ್ಡ್ ಮಾಡಿದರು. ಮೆಸ್ಕಾಲ್ ಅನ್ನುವುದನ್ನು ಈ ನಗರದ ಬಹಳ ಜನ ಮೊದಲು ಕುಡಿದದ್ದು ಆ ಗ್ಲಾಸಲ್ಲಿ. ಪೆಗು ಕ್ಲಬ್ 2020ರ ಕೊರೊನಾ ಕಾಲದಲ್ಲಿ ಮುಚ್ಚಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಂಕಟವಾಯಿತು.

ಬಾಗಿಲು ಬಚ್ಚಿಡೋದು ಯಾಕೆ? ಪೊಲೀಸ್ ಭಯ ಈಗಿಲ್ವಲ್ಲ?

ಪಾನನಿಷೇಧದ ಕಾಲದ ಕಳ್ಳ ಬಾರ್‌ಗಳ ನೆನಪಿಗೆ ಅಂತ ಹೇಳುತ್ತಾರೆ. ಪಿಡಿಟಿಗೆ ಹೋಗಬೇಕಾದರೆ ಸೇಂಟ್ ಮಾರ್ಕ್ಸ್ ಪ್ಲೇಸಿನಲ್ಲಿ ಕ್ರಿಫ್ ಡಾಗ್ಸ್ ಎಂಬ ಹಾಟ್ ಡಾಗ್ ಅಂಗಡಿ ಒಳಗೆ ಹೋಗಿ, ಗೋಡೆಯಲ್ಲಿರುವ ಟೆಲಿಫೋನ್ ಬೂತ್ ಹೊಕ್ಕು, ಫೋನ್ ಎತ್ತಬೇಕು. ಆ ಕಡೆ ಗೋಡೆ ತೆರೆದುಕೊಳ್ಳುತ್ತದೆ. ಊರಿಂದ ಬಂದವರ ಮುಖ ಆ ಕ್ಷಣದಲ್ಲಿ ನೋಡಬೇಕು.

ಮಿಲ್ಕ್ ಆಂಡ್ ಹನಿಯ ಕಾರಣ ಬೇರೆಯಿತ್ತು. ಮೇಲೆ ಜನ ವಾಸವಿದ್ದ ಕಟ್ಟಡ ಅದು, ಅವರಿಗೆ ಗದ್ದಲ ಆಗಬಾರದಿತ್ತು. ಆಮೇಲೆ ಬಂದ ಎಷ್ಟೋ ಜನ ಕಾರಣ ಬಿಟ್ಟು ಬಾಗಿಲನ್ನಷ್ಟೇ ನಕಲು ಮಾಡಿದರು. ಗುಟ್ಟಿನ ಬಾಗಿಲಿದ್ದು ಒಳಗೆ ಬಾಟಲಿ ನಿಂಬೆರಸ ಇದ್ದರೆ ನಾನು ಎರಡನೇ ಸಲ ಹೋಗುವುದಿಲ್ಲ.

ಐಸ್ ಬಗ್ಗೆ ಯಾಕಿಷ್ಟು ತಲೆ ಕೆಡಿಸ್ಕೋತಾರೆ? ನೀರು ತಾನೇ?

ಆ ನೀರೇ ಡ್ರಿಂಕಿನ ಒಂದು ಸಾಮಾನು. ಕೈಗೆ ಬರುವ ಗ್ಲಾಸಿನಲ್ಲಿ ಕಾಲು ಭಾಗದಷ್ಟು ಐಸ್ ಕರಗಿದ ನೀರೇ ಇರುತ್ತದೆ. ಕಮ್ಮಿಯಾದರೆ ಘಾಟು, ಜಾಸ್ತಿಯಾದರೆ ಸಪ್ಪೆ. ಸಣ್ಣ ಚೂರುಗಳು ಬೇಗ ಕರಗುತ್ತವೆ. ಒಂದೇ ದೊಡ್ಡ ಕಲ್ಲು ನಿಧಾನವಾಗಿ ಕರಗುತ್ತದೆ, ಕೊನೆಯ ಗುಟುಕಿನ ತನಕ ರುಚಿ ಕೆಡುವುದಿಲ್ಲ.

ಗಾಜಿನ ಹಾಗೆ ಸ್ವಚ್ಛ ಇರುವ ಆ ಕಲ್ಲು ಫ್ರಿಜ್ಜಿನ ಟ್ರೇಯಲ್ಲಿ ಬರುವುದಿಲ್ಲ. ಟ್ರೇಯಲ್ಲಿ ನೀರು ಸುತ್ತಲಿಂದ ಹೆಪ್ಪುಗಟ್ಟುತ್ತದೆ, ಗಾಳಿ ನಡುವೆ ಸಿಕ್ಕಿಬಿದ್ದು ಬೆಳ್ಳಗಾಗುತ್ತದೆ. ಕ್ಲೈನ್‌ಬೆಲ್ ಅನ್ನುವ ಯಂತ್ರ ನೀರನ್ನು ತಳದಿಂದ ಮಾತ್ರ ಹೆಪ್ಪುಗಟ್ಟಿಸುತ್ತದೆ. ಮೇಲಿನ ನೀರನ್ನು ಪಂಪು ಅಲುಗಾಡಿಸುತ್ತಲೇ ಇರುತ್ತದೆ. ಗಾಳಿ ಮೇಲಕ್ಕೆ ಹೋಗುತ್ತದೆ. ಮೂರು ದಿನ ಬಿಟ್ಟರೆ 136 ಕೆಜಿಯ ಒಂದು ಬಂಡೆ ಸಿಗುತ್ತದೆ, ಅದನ್ನು ಗರಗಸದಲ್ಲಿ ಕೊಯ್ಯುತ್ತಾರೆ. ಮನೆಯಲ್ಲಿ ಇದೇ ಉಪಾಯ ಮಾಡಬಹುದು. ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿ ನೀರು ತುಂಬಿ, ಮುಚ್ಚಳ ಹಾಕದೆ ಫ್ರೀಜರಿನಲ್ಲಿಡಿ. ಮೇಲಿನಿಂದಷ್ಟೇ ಹೆಪ್ಪುಗಟ್ಟುತ್ತದೆ. ಪೂರ್ತಿ ಗಟ್ಟಿಯಾಗುವ ಮುಂಚೆ ತೆಗೆದು, ತಳದ ನೀರು ಚೆಲ್ಲಿ, ಉಳಿದದ್ದನ್ನು ಕತ್ತರಿಸಿ.

ಕೆಲವನ್ನ ಜೋರಾಗಿ ಅಲ್ಲಾಡಿಸ್ತಾರೆ, ಕೆಲವನ್ನ ಮೆಲ್ಲಗೆ ಕಲಕ್ತಾರೆ. ಯಾಕೆ?

ನಿಂಬೆರಸ, ಮೊಟ್ಟೆ, ಕೆನೆ ಇದ್ದರೆ ಅಲ್ಲಾಡಿಸಬೇಕು. ಬೆರೆಯಬೇಕು, ಗಾಳಿಯೂ ಸೇರಬೇಕು. ಬರೀ ಮದ್ಯಗಳಿದ್ದರೆ ಕಲಕಬೇಕು. ಮ್ಯಾನ್‌ಹ್ಯಾಟನ್ ಅಲ್ಲಾಡಿಸಿದರೆ ಮಬ್ಬಾಗುತ್ತದೆ, ನುಣುಪು ಹೋಗುತ್ತದೆ.

ನಂಬರ್ ಒನ್ ಅಂತ ಪಟ್ಟಿಯಲ್ಲಿ ಬಂದ ಬಾರ್‌ಗಳೇ ನಿಜವಾಗ್ಲೂ ಬೆಸ್ಟಾ?

ಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದಿಲ್ಲ. ಜಗತ್ತಿನ 50 ಬಾರ್‌ಗಳ ಪಟ್ಟಿಯಲ್ಲಿ 2011ರಲ್ಲಿ ಪಿಡಿಟಿ, 2016ರಲ್ಲಿ ಡೆಡ್ ರ್‍ಯಾಬಿಟ್, 2019ರಲ್ಲಿ ಡಾಂಟೆ ಮೊದಲ ಸ್ಥಾನ ಪಡೆದವು. ಉತ್ತರ ಅಮೆರಿಕದ ಪಟ್ಟಿ 2022ರಲ್ಲಿ ಶುರುವಾದಾಗ ಅಟ್ಟಾಬಾಯ್, ಮುಂದಿನ ವರ್ಷ ಡಬಲ್ ಚಿಕನ್ ಪ್ಲೀಸ್. ಎಲ್ಲವೂ ಅದಕ್ಕೆ ತಕ್ಕವೇ. ಡಬಲ್ ಚಿಕನ್ ಪ್ಲೀಸ್‌ನ ಹಿಂದಿನ ಕೋಣೆಯಲ್ಲಿ ತಿಂಡಿಗಳ ರುಚಿಯನ್ನು ಗ್ಲಾಸಿಗೆ ಇಳಿಸುತ್ತಾರೆ. ಕೋಲ್ಡ್ ಪಿಜ್ಜಾ ಎಂಬ ಡ್ರಿಂಕ್‌ನಲ್ಲಿ ಟೊಮೆಟೊ, ತುಳಸಿಯ ಜಾತಿಯ ಬೇಸಿಲ್, ಚೀಸ್, ಸುಟ್ಟ ಬ್ರೆಡ್ಡು ಎಲ್ಲದರ ರುಚಿ ಒಂದೊಂದಾಗಿ ಬರುತ್ತದೆ.

ಆದರೆ ಪಟ್ಟಿಗೆ ಬಂದ ಮೇಲೆ ಜನ ಮುಗಿಬೀಳುತ್ತಾರೆ. ಹತ್ತು ನಿಮಿಷ ಮಾತಾಡಿಸುತ್ತಿದ್ದ ಬಾರ್‌ಟೆಂಡರ್‌ಗೆ ಪುರುಸೊತ್ತೇ ಇರುವುದಿಲ್ಲ. ನಾನಂತೂ ಊರಿಂದ ಬಂದವರನ್ನು ಲಾಂಗ್ ಐಲೆಂಡ್ ಸಿಟಿಯ ಡಚ್ ಕಿಲ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. 2009ರಿಂದ ಇದೆ, ಮರದ ಬೂತ್‌ಗಳು, ಒಳ್ಳೆಯ ಐಸು, ಮ್ಯಾನ್‌ಹ್ಯಾಟನ್ನಿಗಿಂತ ನೂಕುನುಗ್ಗಲು ಕಮ್ಮಿ.

ನಮ್ಮ ಕಡೆಗೂ ಇದಕ್ಕೂ ಏನಾದ್ರೂ ನಂಟಿದೆಯಾ?

ಇದೆ. ಕಾಕ್‌ಟೇಲಿಗಿಂತ ಹಳೆಯದು ಪಂಚ್. ಆ ಹೆಸರು ನಮ್ಮ ‘ಪಂಚ’ದಿಂದ ಬಂತು ಅಂತ ಬಹಳ ಜನ ಒಪ್ಪುತ್ತಾರೆ: ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ. ಬರಹದಲ್ಲಿ ಅದು ಮೊದಲು ಸಿಗುವುದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವನೊಬ್ಬನ ಪತ್ರದಲ್ಲಿ. ಟಾಡಿ ಅನ್ನುವ ಡ್ರಿಂಕಿನ ಹೆಸರೂ ತಾಳೆಮರದ ಹೆಂಡಕ್ಕೆ ಹಿಂದಿಯಲ್ಲಿರುವ ‘ತಾಡಿ’ಯಿಂದ ಹೋದದ್ದು.

ಪದ ಬಿಡಿ, ರುಚಿ ನೋಡಿ. ರಾಮನವಮಿಗೆ ಅಮ್ಮ ಪಾನಕ ಮಾಡುವಾಗ ಬೆಲ್ಲ ಕರಗಿಸಿ, ನಿಂಬೆ ಹಿಂಡಿ, ಶುಂಠಿ ಜಜ್ಜಿ ಹಾಕಿ, ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ನೋಡುತ್ತಿದ್ದರು. ಹುಳಿ ಮುಂದಾಯಿತಾ, ಸಿಹಿ ಮುಂದಾಯಿತಾ ಅಂತ. ಇಲ್ಲಿನ ಬಾರ್‌ಟೆಂಡರ್‌ಗಳು ಗ್ಲಾಸಿಗೆ ಸುರಿಯುವ ಮುಂಚೆ ಒಂದು ಹನಿ ತೆಗೆದು ರುಚಿ ನೋಡುವಾಗ ನನಗೆ ಪ್ರತಿಸಲ ಅಮ್ಮನ ಆ ಅಂಗೈ ಕಾಣುತ್ತದೆ.

ಮನೇಲಿ ಒಂದು ಮಾಡಿ ನೋಡಬೇಕು. ಯಾವುದರಿಂದ ಶುರು ಮಾಡ್ಲಿ?

ಪೆನಿಸಿಲಿನ್ನಿಂದಲೇ ಮಾಡಿ, ಶುಂಠಿ ನಿಂಬೆ ಜೇನು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ. ಮೊದಲು ಪಾಕ. ಒಂದು ಲೋಟ ಜೇನಿಗೆ ಒಂದು ಲೋಟ ನೀರು, ಒಂದು ದೊಡ್ಡ ಶುಂಠಿಯನ್ನು ತೆಳ್ಳಗೆ ಹೆಚ್ಚಿ ಹಾಕಿ. ಒಂದು ಕುದಿ ಬಂದ ಮೇಲೆ ಐದು ನಿಮಿಷ ಸಣ್ಣ ಉರಿ. ಪೂರ್ತಿ ಆರಿದ ಮೇಲೆ ಸೋಸಿ ಫ್ರಿಜ್ಜಿನಲ್ಲಿಡಿ.

ಒಂದು ಗ್ಲಾಸಿಗೆ ಸಾದಾ ಬ್ಲೆಂಡೆಡ್ ಸ್ಕಾಚ್ 60 ಮಿಲಿ, ಆಗ ಹಿಂಡಿದ ನಿಂಬೆರಸ 22 ಮಿಲಿ, ಆ ಪಾಕ 22 ಮಿಲಿ. ನಮ್ಮ ಸಣ್ಣ ನಿಂಬೆಯ ಹುಳಿ ಜಾಸ್ತಿ, ಹಾಗಾಗಿ ಅದಾದರೆ 18 ಸಾಕು. ದುಬಾರಿ ಸ್ಕಾಚ್ ಇದಕ್ಕೆ ಹಾಕಬೇಡಿ. ಐಸ್ ತುಂಬಿದ ಶೇಕರಿನಲ್ಲಿ, ಇಲ್ಲದಿದ್ದರೆ ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹನ್ನೆರಡು ಹದಿನೈದು ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಡಬ್ಬಿ ಹೊರಗೆ ಮಂಜು ಹಿಡಿದು ಕೈ ಜುಮ್ ಅನ್ನಬೇಕು. ದೊಡ್ಡ ಐಸ್ ಇರುವ ಗ್ಲಾಸಿಗೆ ಸೋಸಿ.

ಕೊನೆಗೆ ಐಲಾ ದ್ವೀಪದ ಹೊಗೆ ವಾಸನೆಯ ಸ್ಕಾಚ್ ಒಂದೂವರೆ ಟೀ ಚಮಚ. ಚಮಚವನ್ನು ಡ್ರಿಂಕಿನ ಮೇಲ್ಮೈಗೆ ತಾಗಿಸಿ ಹಿಡಿದು, ಅದರ ಬೆನ್ನ ಮೇಲೆ ನಿಧಾನಕ್ಕೆ ಬಿಡಿ. ಕಲಕಬೇಡಿ. ಮೊದಲು ಮೂಗಿಗೆ ಹೊಗೆ ಬರಬೇಕು, ಆಮೇಲೆ ನಾಲಿಗೆಗೆ ಶುಂಠಿ.